ಡಿಸ್ನಿ ವರ್ಲ್ಡ್‌ನಲ್ಲಿ ಬುಕಿಂಗ್ ಇಲ್ಲದೆ ಊಟದ ಟೇಬಲ್: ಬೆಂಗಳೂರಿನಿಂದ ಹೊರಡುವವರಿಗೆ

ಏಪ್ರಿಲ್ ಬಂತೆಂದರೆ ಜಯನಗರದ ನಮ್ಮ ಬೀದಿಯಲ್ಲಿ ಅಮೆರಿಕಾಕ್ಕೆ ಹೊರಟವರ ಮನೆ ಯಾವುದು ಅಂತ ಹೊರಗಿನಿಂದಲೇ ಗೊತ್ತಾಗುತ್ತದೆ. ಹಜಾರದಲ್ಲಿ ಬಾಯಿ ತೆರೆದ ಸೂಟ್‌ಕೇಸ್, ತೂಕದ ಲೆಕ್ಕಾಚಾರ, ಒಳಗಿನಿಂದ ಚಟ್ನಿಪುಡಿಗೆ ಬೇಳೆ ಹುರಿಯುವ ಘಮ. ಮಗನ ಮನೆಗೋ, ಮಗಳ ಮನೆಗೋ ಹೊರಟಿರುತ್ತಾರೆ. ಜೊತೆಯಲ್ಲಿ ಮಕ್ಕಳಿದ್ದರೆ ಫ್ಲಾರಿಡಾದ ಡಿಸ್ನಿ ವರ್ಲ್ಡ್ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ನಾನು ಹೋಗಿ ಬಂದವಳು ಎಂದು ಕೆಲವರು ಕೇಳಲು ಬರುತ್ತಾರೆ. ಅವರ ಮೊದಲ ಪ್ರಶ್ನೆ ರೈಡುಗಳ ಬಗ್ಗೆ ಅಲ್ಲ. "ಅಲ್ಲಿ ಊಟಕ್ಕೆ ಎರಡು ತಿಂಗಳ ಮುಂಚೆಯೇ ಟೇಬಲ್ ಬುಕ್ ಮಾಡಬೇಕಂತೆ. ನಾವು ಮಾಡಿಲ್ಲ. ಏನು ಗತಿ?"

ನಾವೂ ಮಾಡಿರಲಿಲ್ಲ. ನಾವು ಏಳು ಜನ. ನಾನು, ಗಂಡ, ಇಬ್ಬರು ಮಕ್ಕಳು, ತಂಗಿ, ಅವಳ ಗಂಡ, ಜೊತೆಗೆ ಎಪ್ಪತ್ತು ದಾಟಿದ ಅಮ್ಮ. ಅಮ್ಮನಿಗೆ ಸಕ್ಕರೆ ಕಾಯಿಲೆ. ಊಟ ಹೊತ್ತಿಗೆ ಸರಿಯಾಗಿ ಆಗಲೇಬೇಕು. ಮೊದಲ ದಿನ ಮಧ್ಯಾಹ್ನ 12.30ಕ್ಕೆ ಹಸಿವಾದಾಗ ಎದುರಿಗೆ ಕಂಡ ಹೋಟೆಲಿನ ಬಾಗಿಲಿಗೆ ಹೋದೆವು. ಜಾಗ ಇಲ್ಲ ಎಂದರು. ಇನ್ನೊಂದಕ್ಕೆ ನಡೆದೆವು. ಅಲ್ಲೂ ಇಲ್ಲ. ಮೂರನೆಯದನ್ನು ಹುಡುಕುವಾಗ ಅಮ್ಮ ಒಂದು ಬೆಂಚಿನ ಮೇಲೆ ಕುಳಿತುಬಿಟ್ಟರು. ಕೈ ನಡುಗುತ್ತಿತ್ತು. ಚೀಲದಲ್ಲಿದ್ದ ಬಿಸ್ಕತ್ತು, ಹಣ್ಣಿನ ರಸ ಕೊಟ್ಟು ಸುಧಾರಿಸಿಕೊಂಡೆವು. ಆ ಅರ್ಧ ಗಂಟೆ ನನಗೆ ಇವತ್ತಿಗೂ ಮರೆತಿಲ್ಲ. ತಪ್ಪು ನಮ್ಮದೇ. ಊಟದ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ.

ಆ ರಾತ್ರಿ ತಂಗಿ ಮತ್ತು ನಾನು ಕುಳಿತು ಎಲ್ಲ ಓದಿ ತಿಳಿದುಕೊಂಡೆವು. ಮುಂದಿನ ಮೂರು ದಿನ ಮುಂಚಿತವಾಗಿ ಮಾಡಿಟ್ಟ ಒಂದೇ ಒಂದು ಬುಕಿಂಗ್ ಇಲ್ಲದೆ, ಹೊತ್ತಿಗೆ ಸರಿಯಾಗಿ, ನೆರಳಲ್ಲಿ ಕುಳಿತು ಉಂಡೆವು. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ವಯಸ್ಸಾದವರನ್ನು, ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಪೂರ್ತಿ ಓದಿ.

ಮೊದಲು ಇಷ್ಟು ಗೊತ್ತಿರಲಿ

ಡಿಸ್ನಿ ವರ್ಲ್ಡ್ ಒಂದೇ ಪಾರ್ಕ್ ಅಲ್ಲ. ಆರ್ಲ್ಯಾಂಡೊ ಊರಿನ ಹತ್ತಿರ ಇರುವ ನಾಲ್ಕು ಪಾರ್ಕುಗಳ ಗುಂಪು. 1971ರಲ್ಲಿ ಮ್ಯಾಜಿಕ್ ಕಿಂಗ್‌ಡಮ್ ಶುರುವಾಯಿತು. 1982ರಲ್ಲಿ ಎಪ್ಕಾಟ್, 1989ರಲ್ಲಿ ಈಗ ಹಾಲಿವುಡ್ ಸ್ಟುಡಿಯೋಸ್ ಎನ್ನುವ ಪಾರ್ಕು, 1998ರಲ್ಲಿ ಅನಿಮಲ್ ಕಿಂಗ್‌ಡಮ್ ಬಂದವು. ಒಂದರಿಂದ ಇನ್ನೊಂದಕ್ಕೆ ಬಸ್ಸಿನಲ್ಲೋ ಮಾನೋರೈಲಿನಲ್ಲೋ ಕಾರಿನಲ್ಲೋ ಹೋಗಬೇಕು. ಬಿಡದಿ ಹತ್ತಿರದ ವಂಡರ್‌ಲಾಗೆ ಹೋಗಿ, ಹಸಿವಾದಾಗ ಕೌಂಟರಿಗೆ ನಡೆದು ಅಭ್ಯಾಸ ಆದವರಿಗೆ ಇದು ಬೇರೆಯೇ ಲೋಕ.

ಅಲ್ಲಿ ಊಟದ ಜಾಗಗಳು ಎರಡು ಥರ. ಒಂದು, ಟೇಬಲ್ಲಿಗೆ ಬಂದು ಬಡಿಸುವ ಹೋಟೆಲ್. ಇನ್ನೊಂದು, ನಮ್ಮ ದರ್ಶಿನಿ ಥರ ಕೌಂಟರಿನಲ್ಲಿ ತಟ್ಟೆ ತೆಗೆದುಕೊಂಡು ಜಾಗ ಹುಡುಕಿ ಕೂರುವುದು. ಬುಕಿಂಗ್ ತಲೆನೋವು ಮೊದಲನೆಯದಕ್ಕೆ ಮಾತ್ರ. ಅದರ ಬುಕಿಂಗ್ 60 ದಿನ ಮುಂಚೆ, ಅಲ್ಲಿನ ಬೆಳಗಿನ ಜಾವ ತೆರೆಯುತ್ತದೆ. ಡಿಸ್ನಿಯ ಹೋಟೆಲಿನಲ್ಲೇ ಉಳಿಯುವವರಿಗೆ ಇನ್ನೊಂದು ಅನುಕೂಲ ಉಂಟು. ಬಂದಿಳಿಯುವ ದಿನಕ್ಕೆ 60 ದಿನ ಮುಂಚೆ, ತಾವು ಇರುವ ಅಷ್ಟೂ ದಿನಕ್ಕೆ, ಹತ್ತು ದಿನದವರೆಗೆ, ಒಟ್ಟಿಗೇ ಬುಕ್ ಮಾಡಬಹುದು. ಅದಕ್ಕೇ ಹೊರಗೆ ಉಳಿಯುವ ನಮ್ಮಂಥವರು ಆ್ಯಪ್ ತೆರೆಯುವ ಹೊತ್ತಿಗೆ ಹೆಸರಾದ ಜಾಗಗಳೆಲ್ಲ ಮುಗಿದಿರುತ್ತವೆ.

ಆದರೆ 60 ದಿನ ಮುಂಚೆ ಊಟ ಗೊತ್ತುಮಾಡಿದವರ ಮನಸ್ಸು ಆ ದಿನಕ್ಕೂ ಹಾಗೇ ಇರುತ್ತದಾ? ಮಗು ಮಲಗಿಬಿಡುತ್ತದೆ. ಮಳೆ ಬರುತ್ತದೆ. ಇನ್ನೊಂದು ಪಾರ್ಕಿಗೆ ಹೋಗೋಣ ಅನ್ನಿಸುತ್ತದೆ. ಅವರು ಬಿಟ್ಟ ಟೇಬಲ್ ಯಾರಿಗಾದರೂ ಸಿಗಲೇಬೇಕು. ಅದು ಯಾವಾಗ, ಎಲ್ಲಿ ಸಿಗುತ್ತದೆ ಎಂದು ತಿಳಿದರೆ ಸಾಕು.

ಬೆಂಗಳೂರಿನಲ್ಲೇ ಮುಗಿಸಬೇಕಾದ ಕೆಲಸ

ಮೈ ಡಿಸ್ನಿ ಎಕ್ಸ್‌ಪೀರಿಯನ್ಸ್ ಎಂಬ ಆ್ಯಪ್ ಹಾಕಿಕೊಳ್ಳಿ. ಖಾತೆ ತೆರೆಯಿರಿ. ಜೊತೆಗೆ ಬರುವವರ ಹೆಸರು, ಟಿಕೆಟ್ ಎಲ್ಲ ಅದರಲ್ಲಿ ಸೇರಿಸಿ. ಕಾರ್ಡ್ ವಿವರವನ್ನೂ ಮನೆಯಲ್ಲೇ ಹಾಕಿ ಇಡಿ. ಬಿಸಿಲಲ್ಲಿ ನಿಂತು, ಮಕ್ಕಳು ಕೈ ಎಳೆಯುವಾಗ ಪಾಸ್‌ವರ್ಡ್ ನೆನಪು ಮಾಡಿಕೊಳ್ಳುವ ಕಷ್ಟ ಬೇಡ.

ಇಲ್ಲಿಂದ ಒಯ್ದ ಸಿಮ್ ಮೇಲೆ ಪೂರ್ತಿ ನಂಬಿಕೆ ಇಡಬೇಡಿ. ಟೇಬಲ್ ಖಾಲಿಯಾದ ಸಂದೇಶ ಫೋನಿಗೇ ಬರುವುದು. ಟೇಬಲ್ಲಿಗೆ ಕಾಯುವವರ ಪಟ್ಟಿಗೆ ಅಲ್ಲಿ ನೆಲೆಸಿರುವ ಮಗಳದೋ ತಮ್ಮನದೋ ಫೋನಿನಲ್ಲಿ ಹೆಸರು ಕೊಡುವುದು ಒಳ್ಳೆಯದು. ಪಾರ್ಕಿನ ಒಳಗೆ ಉಚಿತ ವೈಫೈ ಇದೆ. ಆದರೆ ಆ್ಯಪ್ ಬ್ಯಾಟರಿ ಜಾಸ್ತಿ ತಿನ್ನುತ್ತದೆ. ಪವರ್ ಬ್ಯಾಂಕ್ ಮರೆಯಬೇಡಿ.

ಪ್ರತಿ ಹೋಟೆಲಿನ ಮೆನು, ಬೆಲೆ ಎಲ್ಲ ಆ್ಯಪ್‌ನಲ್ಲೂ ವೆಬ್‌ಸೈಟಿನಲ್ಲೂ ಇದೆ. ಒಂದು ಭಾನುವಾರ ಕುಳಿತು ಮನೆಯವರೆಲ್ಲ ಸೇರಿ ನೋಡಿ. ಪ್ರತಿ ಪಾರ್ಕಿಗೂ ಮೂರು ಜಾಗ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮೊದಲನೆಯದು ಮನಸ್ಸಿಗೆ ಬೇಕಾದದ್ದು. ಎರಡನೆಯದು ಸಿಗುವ ಸಾಧ್ಯತೆ ಜಾಸ್ತಿ ಇರುವುದು. ಮೂರನೆಯದು ಕೌಂಟರ್ ಊಟ. ಮೊದಲ ದಿನ ನಮ್ಮ ಕೈಯಲ್ಲಿ ಈ ಚೀಟಿ ಇದ್ದಿದ್ದರೆ ಅಮ್ಮ ಬೆಂಚಿನ ಮೇಲೆ ಕೂರುವ ಪ್ರಸಂಗವೇ ಬರುತ್ತಿರಲಿಲ್ಲ.

ಮಕ್ಕಳ ಒಂದು ಆಸೆ ಮಾತ್ರ ಮೊದಲೇ ಕೇಳಿ ಇಟ್ಟುಕೊಳ್ಳಿ. ಮ್ಯಾಜಿಕ್ ಕಿಂಗ್‌ಡಮ್‌ನ ಕೋಟೆಯೊಳಗಿರುವ ಸಿಂಡ್ರೆಲ್ಲಾಸ್ ರಾಯಲ್ ಟೇಬಲ್, ಬಿ ಅವರ್ ಗೆಸ್ಟ್, ಶೆಫ್ ಮಿಕ್ಕೀಸ್, ಒಹಾನಾ ಇಂಥ ಹೆಸರಾದ ಹೋಟೆಲುಗಳು ಬುಕಿಂಗ್ ಇಲ್ಲದೆ ಸಿಗುತ್ತವೆ ಅಂತ ನಂಬಿ ಹೋಗಬೇಡಿ. ಕೋಟೆಯೊಳಗೆ ಕುಳಿತು ಉಣ್ಣುವುದು ಮಗುವಿನ ಬಹುದಿನದ ಕನಸಾಗಿದ್ದರೆ ಅದೊಂದನ್ನು 60 ದಿನ ಮುಂಚೆಯೇ ಬುಕ್ ಮಾಡಿ. ಬುಕಿಂಗ್ ತೆರೆಯುವ ಅಲ್ಲಿನ ಬೆಳಗಿನ 6 ಗಂಟೆ ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ 3.30, ಅವರ ಚಳಿಗಾಲದಲ್ಲಿ 4.30. ಎದ್ದು ಕಾಯುವ ಕಷ್ಟವೂ ಇಲ್ಲ. ಕಾಫಿ ಹೊತ್ತಿಗೆ ಆಗಿಹೋಗುವ ಕೆಲಸ.

ಊಟದ ಹೊತ್ತು ಬದಲಾಯಿಸಿ

ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದು. ಅಲ್ಲಿ ಮಧ್ಯಾಹ್ನ 12ರಿಂದ 2, ಸಂಜೆ 5.30ರಿಂದ 7.30, ಈ ಎರಡು ಹೊತ್ತಿನಲ್ಲಿ ಎಲ್ಲರಿಗೂ ಒಟ್ಟಿಗೆ ಹಸಿವು. ಆ ಹೊತ್ತಿನಲ್ಲಿ ಬಾಗಿಲಿಗೆ ಹೋಗಬೇಡಿ. 11 ಗಂಟೆಗೆ ಹೋಟೆಲ್ ತೆರೆಯುವಾಗ ಅಲ್ಲಿರಿ. ಇಲ್ಲವಾದರೆ ಮಧ್ಯಾಹ್ನ 2.30 ಆದ ಮೇಲೆ ಹೋಗಿ.

ಭಾನುವಾರ ಬೆಳಿಗ್ಗೆ ವಿದ್ಯಾರ್ಥಿ ಭವನಕ್ಕೆ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಂಧಿ ಬಜಾರಿನಲ್ಲಿ 1943ರಿಂದ ನಡೆಯುತ್ತಿರುವ ಹೋಟೆಲ್ ಅದು. ಬೆಳಕು ಹರಿಯುವಾಗಲೇ ಹೋದವರಿಗೆ ದೋಸೆ ಬೇಗ ಸಿಗುತ್ತದೆ. 9 ಗಂಟೆಗೆ ಹೋದವರು ಫುಟ್‌ಪಾತಿನಲ್ಲಿ ಕಾಯುತ್ತಾರೆ. ದೋಸೆ ಅದೇ, ಟೇಬಲ್ ಅದೇ, ಹೋದ ಹೊತ್ತು ಮಾತ್ರ ಬೇರೆ.

ಆದರೆ ನಮ್ಮ ರೂಢಿ 8ಕ್ಕೆ ತಿಂಡಿ, 1ಕ್ಕೆ ಊಟ. 11ಕ್ಕೆ ಹಸಿವಾಗುವುದಿಲ್ಲ ಅಲ್ವಾ? ನಾವು ಹೀಗೆ ಮಾಡಿದೆವು. ಬೆಳಿಗ್ಗೆ 6.30ಕ್ಕೆ ರೂಮಿನಲ್ಲೇ ಬ್ರೆಡ್ಡು, ಹಾಲು, ಬಾಳೆಹಣ್ಣು. 11ಕ್ಕೆ ಕುಳಿತು ಸರಿಯಾದ ಊಟ. 3.30ಕ್ಕೆ ಕೌಂಟರಿನಲ್ಲಿ ಏನಾದರೂ ಸ್ವಲ್ಪ. ಎಲ್ಲರೂ ರಾತ್ರಿ ಊಟಕ್ಕೆ ನುಗ್ಗುವಾಗ ನಾವು ರೈಡಿನ ಸಾಲಿನಲ್ಲಿ. ಆ ಹೊತ್ತಿಗೆ ರೈಡಿನ ಸಾಲೂ ಕೊಂಚ ಕರಗಿರುತ್ತಿತ್ತು. ಸಕ್ಕರೆ ಕಾಯಿಲೆ ಇದ್ದವರು ಮಾತ್ರೆ, ಇನ್ಸುಲಿನ್ ಹೊತ್ತು ಬದಲಾಗುತ್ತದೆ ಎಂಬುದನ್ನು ಮರೆಯಬೇಡಿ. ಹೊರಡುವ ಮುಂಚೆ ನಿಮ್ಮ ಡಾಕ್ಟರ ಹತ್ತಿರ ಕೇಳಿ ಬರೆಸಿಕೊಳ್ಳಿ.

ಬೆಂಗಳೂರಿನಿಂದ ಹೋದ ಮೊದಲ ವಾರ ಹೊಟ್ಟೆಗೆ ಹೊತ್ತುಗೊತ್ತು ಇರುವುದಿಲ್ಲ. ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ವ್ಯತ್ಯಾಸ. ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರ, ಹತ್ತೂವರೆಗೆ ಜೋರು ಹಸಿವು. ಇದನ್ನು ಸರಿಪಡಿಸಲು ಹೋಗಬೇಡಿ. ಪಾರ್ಕಿನ ದಿನಗಳನ್ನು ಆ ವಾರದಲ್ಲೇ ಇಟ್ಟುಕೊಂಡರೆ ಬೇಗ ಊಟ ತಾನಾಗಿಯೇ ನಡೆಯುತ್ತದೆ.

ಇನ್ನೂ ಎರಡು ಸಂದರ್ಭ ಇವೆ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಮಧ್ಯಾಹ್ನದ ಮೆರವಣಿಗೆ ಮತ್ತು ರಾತ್ರಿಯ ಬಾಣಬಿರುಸು ನಡೆಯುವಾಗ ಜನ ರಸ್ತೆಬದಿ ಸೇರುತ್ತಾರೆ. ಆಗ ಹೋಟೆಲ್ ಬಾಗಿಲಲ್ಲಿ ಕೇಳಿ ನೋಡಿ. ಮಳೆಯದು ಇದಕ್ಕೆ ತದ್ವಿರುದ್ಧ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫ್ಲಾರಿಡಾದಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಮಾಮೂಲು. ಹನಿ ಬಿದ್ದ ತಕ್ಷಣ ಎಲ್ಲರೂ ಒಳಗೆ ನುಗ್ಗುತ್ತಾರೆ. ಮೋಡ ಕಟ್ಟುವುದು ಕಂಡಾಗಲೇ ನೀವು ಒಳಗಿರಬೇಕು.

ಎರಡು ಗಂಟೆ ಮುಂಚೆ ಬಿಡುಗಡೆಯಾಗುವ ಟೇಬಲ್‌ಗಳು

ಡಿಸ್ನಿಯ ಹೆಚ್ಚಿನ ಹೋಟೆಲುಗಳಲ್ಲಿ ಬುಕ್ ಮಾಡಿದವರು ಊಟಕ್ಕೆ ಎರಡು ಗಂಟೆ ಮುಂಚಿನವರೆಗೆ ದಂಡ ಇಲ್ಲದೆ ರದ್ದು ಮಾಡಬಹುದು. ಆಮೇಲೆ ಬರದಿದ್ದರೆ ತಲೆಗೆ 10 ಡಾಲರ್ ಕಡಿತವಾಗುತ್ತದೆ. ಹಾಗಾಗಿ ಮನಸ್ಸು ಬದಲಾಯಿಸಿದವರು ಆ ಗಡುವು ಮುಗಿಯುವ ಮುಂಚೆ ಕೈಬಿಡುತ್ತಾರೆ. ಆ ಟೇಬಲ್ ಅದೇ ಕ್ಷಣ ಆ್ಯಪ್‌ನಲ್ಲಿ ಕಾಣಿಸುತ್ತದೆ.

ನಿಮಗೆ ಮಧ್ಯಾಹ್ನ 1ಕ್ಕೆ ಊಟ ಬೇಕಾದರೆ ಬೆಳಿಗ್ಗೆ 10.30ರಿಂದ 11.15ರವರೆಗೆ ಆ್ಯಪ್‌ನಲ್ಲಿ ಹುಡುಕುತ್ತಿರಿ. ರೈಡಿನ ಸಾಲಿನಲ್ಲಿ ನಿಂತಿರುವಾಗ ಮಾಡುವುದಕ್ಕೆ ಇದಕ್ಕಿಂತ ಒಳ್ಳೆ ಕೆಲಸ ಇಲ್ಲ. ಹಿಂದಿನ ರಾತ್ರಿ ಮಲಗುವ ಮುಂಚೆಯೂ ಒಮ್ಮೆ ನೋಡಿ. ನಾಳೆಯ ಯೋಜನೆ ಬದಲಾಯಿಸುವವರು ಆಗಲೇ ಕೈಬಿಡುತ್ತಾರೆ.

ಹುಡುಕುವಾಗ ಏಳು ಜನ ಅಂತ ಹಾಕಬೇಡಿ. ಇದು ನಮಗೆ ತಡವಾಗಿ ಹೊಳೆಯಿತು. ಆರು, ಏಳು ಜನರ ಟೇಬಲ್ ಅಲ್ಲಿ ಕಡಿಮೆ. ನಾಲ್ಕು ಜನ, ಮೂರು ಜನ ಎಂದು ಎರಡು ಫೋನಿನಲ್ಲಿ ಬೇರೆ ಬೇರೆ ಹುಡುಕಿದಾಗ 11.20ಕ್ಕೆ ಒಂದು, 11.30ಕ್ಕೆ ಒಂದು ಸಿಕ್ಕಿತು. ಅಮ್ಮ ಮತ್ತು ಮಕ್ಕಳು ಮೊದಲ ಟೇಬಲ್ಲಿಗೆ ಹೋದರು. ಎಲ್ಲರೂ ಒಟ್ಟಿಗೆ ಕೂರಬೇಕೆಂಬ ಆಸೆ ಸಹಜ. ಆದರೆ ಹಸಿದವರು ಬೇಗ ಉಣ್ಣುವುದು ಅದಕ್ಕಿಂತ ಮುಖ್ಯ ಅಂತ ನನಗನ್ನಿಸುತ್ತದೆ.

ಸಿಕ್ಕ ಟೇಬಲ್ ಬೇಡವೆನ್ನಿಸಿದರೆ ನೀವೂ ಹೊತ್ತಿಗೆ ಮುಂಚೆ ರದ್ದು ಮಾಡಿ. ನಿಮ್ಮ ಹಾಗೆಯೇ ಇನ್ನೊಬ್ಬರು ಫೋನು ಹಿಡಿದು ಕಾಯುತ್ತಿರುತ್ತಾರೆ.

ವಾಕ್-ಅಪ್ ಪಟ್ಟಿ

ಬುಕಿಂಗ್ ಏನೂ ಸಿಗಲಿಲ್ಲ ಎಂದಿಟ್ಟುಕೊಳ್ಳಿ. ಆ್ಯಪ್‌ನಲ್ಲಿ ಹೋಟೆಲುಗಳ ಪಟ್ಟಿ ತೆರೆಯಿರಿ. ಕೆಲವಕ್ಕೆ ವಾಕ್-ಅಪ್ ಪಟ್ಟಿಗೆ ಸೇರುವ ಆಯ್ಕೆ ಇರುತ್ತದೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನಲ್ಲಿ ಹೆಸರು ಬರೆಸಿ, ಕೂಗುವವರೆಗೆ ಕಾಯುತ್ತೇವಲ್ಲ, ಹಾಗೇ. ಇಲ್ಲಿ ಹೆಸರು ಕೂಗುವ ಬದಲು ಫೋನಿಗೆ ಸಂದೇಶ ಬರುತ್ತದೆ.

ಇದನ್ನು ರೂಮಿನಲ್ಲಿ ಕುಳಿತು ಮಾಡಲು ಆಗುವುದಿಲ್ಲ. ಆ ಜಾಗದ ಹತ್ತಿರ ಇರಬೇಕು, ಫೋನಿನ ಲೊಕೇಶನ್ ಆನ್ ಇರಬೇಕು. ಕಾಯುವ ಹೊತ್ತು ಅಂದಾಜು ಎಷ್ಟು ಎಂದು ತೋರಿಸುತ್ತದೆ. ಹೆಸರು ಕೊಟ್ಟು ಹತ್ತಿರದಲ್ಲೇ ಇರಿ. ನಲವತ್ತು ನಿಮಿಷ ಎಂದು ತೋರಿಸಿದರೂ ದೂರದ ದೊಡ್ಡ ರೈಡಿಗೆ ಹೋಗಬೇಡಿ. ಕರೆ ಅದಕ್ಕಿಂತ ಬೇಗ ಬರಬಹುದು. ಬಂದ ಮೇಲೆ ಬೇಗ ಬಾಗಿಲಿಗೆ ಹೋಗದಿದ್ದರೆ ಸರದಿ ತಪ್ಪುತ್ತದೆ.

ಪಟ್ಟಿ ಮುಚ್ಚಿದೆ ಎಂದು ತೋರಿಸಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಒಳಗೆ ಟೇಬಲ್ ಖಾಲಿಯಾದಂತೆ ತೆರೆಯುತ್ತದೆ, ತುಂಬಿದಂತೆ ಮುಚ್ಚುತ್ತದೆ.

ಬಾಗಿಲಲ್ಲಿ ಕೇಳಿ

ಆ್ಯಪ್‌ನಲ್ಲಿ ಏನೂ ಕಾಣದಿದ್ದರೂ ಬಾಗಿಲಲ್ಲಿ ನಿಂತಿರುವ ಸಿಬ್ಬಂದಿಯನ್ನು ಒಮ್ಮೆ ಕೇಳಿ. ನಮ್ಮವರಿಗೆ ಇಲ್ಲಿ ಸಂಕೋಚ ಜಾಸ್ತಿ. ಇಂಗ್ಲಿಷ್ ಸರಿಯಾಗಿ ಬರುತ್ತೋ ಇಲ್ಲವೋ, ಇಲ್ಲ ಅಂದುಬಿಟ್ಟರೆ ಏನು ಮಾಡೋದು ಅಂತ. ಇಲ್ಲ ಎಂದರೆ ಮುಂದಿನ ಜಾಗಕ್ಕೆ ಹೋದರಾಯಿತು. ಕೇಳುವಾಗ ನಾಲ್ಕು ವಿಷಯ ಹೇಳಿ. ಎಷ್ಟು ಜನ ಇದ್ದೀರಿ, ಬೇರೆ ಬೇರೆ ಟೇಬಲ್ ಆದರೂ ಪರವಾಗಿಲ್ಲ, ಹೊರಗಿನ ಟೇಬಲ್ ಆದರೂ ಸರಿ, ಎಷ್ಟು ಹೊತ್ತು ಕಾಯಲು ಸಿದ್ಧ. ಹೀಗೆ ಹೇಳಿದರೆ ಅವರಿಗೆ ಜಾಗ ಹೊಂದಿಸಲು ಅನುಕೂಲ. ವಯಸ್ಸಾದವರು ಇದ್ದಾರೆ, ಸಕ್ಕರೆ ಕಾಯಿಲೆ ಇದೆ ಎಂಬುದನ್ನೂ ಹೇಳಿ. ಅಮ್ಮನನ್ನು ಕಂಡು ಕೂರಲು ಕುರ್ಚಿ ತಂದುಕೊಟ್ಟವರೂ ಇದ್ದರು.

ಒಂದು ಅಭ್ಯಾಸ ಮಾತ್ರ ಇಲ್ಲೇ ಬಿಟ್ಟು ಹೋಗಿ. ನಮ್ಮ ಹಳೇ ಹೋಟೆಲುಗಳಲ್ಲಿ ಉಣ್ಣುವವರ ಕುರ್ಚಿಯ ಪಕ್ಕ ನಿಂತು ಕಾಯುವುದುಂಟು. ಗುರುತಿಲ್ಲದವರ ಜೊತೆ ಒಂದೇ ಟೇಬಲ್ಲಿಗೆ ಕೂರುವುದೂ ಉಂಟು. ನನಗೆ ಅದು ಇಷ್ಟವೇ. ಎಷ್ಟೋ ಒಳ್ಳೆ ಮಾತುಕತೆ ಹಾಗೆ ಆಗಿದೆ. ಅಲ್ಲಿ ಅದನ್ನು ಮಾಡಬಾರದು. ಕೌಂಟರ್ ಹೋಟೆಲಿನಲ್ಲೂ ಟೇಬಲ್ ಖಾಲಿಯಾಗುವವರೆಗೆ ದೂರ ನಿಲ್ಲಿ.

ಯಾವ ಪಾರ್ಕಿನಲ್ಲಿ ಎಲ್ಲಿ ಕೇಳಬೇಕು

ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಅಡ್ವೆಂಚರ್‌ಲ್ಯಾಂಡಿನ ಸ್ಕಿಪ್ಪರ್ ಕ್ಯಾಂಟೀನ್ ಕೇಳಿ ನೋಡಿ. ಜಂಗಲ್ ಕ್ರೂಸ್ ಎಂಬ ದೋಣಿ ಸವಾರಿಯ ಕಥೆಯ ಮೇಲೆ ಕಟ್ಟಿದ ಹೋಟೆಲ್. ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕಾದ ರುಚಿಗಳಿವೆ, ಖಾರ ಬಲ್ಲ ನಾಲಗೆಗೆ ಹಿತ. ರಾಜಕುಮಾರಿಯರು ಬರುವ ಜಾಗಗಳಿಗೆ ಇರುವ ನೂಕುನುಗ್ಗಲು ಇದಕ್ಕಿಲ್ಲ. ಕೌಂಟರ್ ಊಟಕ್ಕೆ ಕೊಲಂಬಿಯಾ ಹಾರ್ಬರ್ ಹೌಸ್. ಕೆಳಗೆ ತುಂಬಿದೆ ಎಂದು ವಾಪಸ್ ಬರಬೇಡಿ. ಮಹಡಿ ಮೇಲೂ ಟೇಬಲ್ಲುಗಳಿವೆ, ಅಲ್ಲಿ ಗಲಾಟೆ ಕಡಿಮೆ.

ಈ ಪಾರ್ಕಿಗೆ ಇನ್ನೊಂದು ಅನುಕೂಲ ಇದೆ. ಹೊರಗೆ ಹೋಗಿ ಉಂಡು ಅದೇ ಟಿಕೆಟ್ಟಿನಲ್ಲಿ ವಾಪಸ್ ಬರಬಹುದು. ಹೊರಬಾಗಿಲಿನಿಂದ ಕಾಂಟೆಂಪರರಿ ಎಂಬ ಡಿಸ್ನಿಯ ವಸತಿ ಹೋಟೆಲಿಗೆ ನಡೆದರೆ ಹತ್ತು ನಿಮಿಷ. ಮಾನೋರೈಲು ಹತ್ತಿದರೆ ಪಾಲಿನೇಷಿಯನ್, ಗ್ರ್ಯಾಂಡ್ ಫ್ಲೋರಿಡಿಯನ್ ಹೋಟೆಲುಗಳೂ ಸಿಗುತ್ತವೆ. ಮೂರರಲ್ಲೂ ಕೌಂಟರ್ ಊಟ ಇದೆ. ಮಧ್ಯಾಹ್ನ ಹೊತ್ತಿನಲ್ಲಿ ಅಲ್ಲಿ ಉಳಿದುಕೊಂಡವರೆಲ್ಲ ಪಾರ್ಕಿಗೆ ಹೋಗಿರುತ್ತಾರೆ. ಏಸಿ ಹಜಾರ, ಮೆತ್ತನೆ ಕುರ್ಚಿ, ಚೊಕ್ಕ ಶೌಚಾಲಯ. ಅಮ್ಮನಿಗೆ ನಾಲ್ಕೂ ದಿನಗಳಲ್ಲಿ ಎಲ್ಲಕ್ಕಿಂತ ಹಿತವಾದ ಒಂದೂವರೆ ಗಂಟೆ ಅದೇ.

ಎಪ್ಕಾಟ್ ಬುಕಿಂಗ್ ಇಲ್ಲದವರ ಪಾರ್ಕು. ಕೆರೆಯ ಸುತ್ತ 11 ದೇಶಗಳ ಮಂಟಪಗಳಿವೆ. ಸುತ್ತು ಹಾಕಿದರೆ ಸುಮಾರು 2 ಕಿಲೋಮೀಟರ್. ಪ್ರತಿ ದೇಶದಲ್ಲೂ ತಿನ್ನಲು ಏನಾದರೂ ಉಂಟು. ಮೊರಾಕೊ ಮಂಟಪದ ಸ್ಪೈಸ್ ರೋಡ್ ಟೇಬಲ್ ನೀರಿನ ದಡದಲ್ಲೇ ಇದೆ. ಚಿಕ್ಕ ಚಿಕ್ಕ ತಟ್ಟೆಗಳಲ್ಲಿ ಕೊಡುತ್ತಾರೆ, ಹಂಚಿಕೊಂಡು ತಿನ್ನಬಹುದು. ಬಿಸಿಲಿರುವ ಮಧ್ಯಾಹ್ನ ಅಲ್ಲಿ ಜಾಗ ಸಿಗುವುದು ಅಷ್ಟು ಕಷ್ಟವಲ್ಲ. ಅಮ್ಮನಂಥವರಿಗೆ ದ ಲ್ಯಾಂಡ್ ಕಟ್ಟಡದ ಒಳಗಿರುವ ಸನ್‌ಶೈನ್ ಸೀಸನ್ಸ್ ಒಳ್ಳೆಯದು. ಕೌಂಟರ್ ಊಟ, ದೊಡ್ಡ ಜಾಗ. ಪಕ್ಕದಲ್ಲೇ ಗಿಡಗಳ ನಡುವೆ ಹೋಗುವ ನಿಧಾನದ ದೋಣಿ ಸವಾರಿ. ಉಂಡು ಅದರಲ್ಲಿ ಕುಳಿತರೆ ಕಾಲಿಗೂ ವಿಶ್ರಾಂತಿ.

ಅನಿಮಲ್ ಕಿಂಗ್‌ಡಮ್‌ನಲ್ಲಿ ಟಿಫಿನ್ಸ್ ಎಂಬ ಹೋಟೆಲಿಗೆ ಅಂಟಿಕೊಂಡು ನೋಮ್ಯಾಡ್ ಲೌಂಜ್ ಇದೆ. ಲೌಂಜ್ ಎಂದ ತಕ್ಷಣ ಮನೆಮಂದಿ ಹೋಗುವ ಜಾಗವಲ್ಲ ಎಂದುಕೊಳ್ಳಬೇಡಿ. ನಾನೂ ಹಾಗೇ ಅಂದುಕೊಂಡಿದ್ದೆ. ಮಕ್ಕಳನ್ನು ಕರೆದುಕೊಂಡು ಕೂರಬಹುದು. ನೀರಿನ ಪಕ್ಕ ಸೋಫಾ ಹಾಕಿದ್ದಾರೆ. ಇದಕ್ಕೂ ವಾಕ್-ಅಪ್ ಪಟ್ಟಿಯಲ್ಲೇ ಹೆಸರು ಕೊಡಬೇಕು. ಪಂಡೋರಾ ಭಾಗದ ಸತುಲಿ ಕ್ಯಾಂಟೀನಿನಲ್ಲಿ ಅನ್ನದ ಮೇಲೆ ಹುರಿದ ತೋಫು ಹಾಕಿ ಬಟ್ಟಲಲ್ಲಿ ಕೊಡುತ್ತಾರೆ. ಅನ್ನ ಕಾಣದೆ ಎರಡು ದಿನ ಕಳೆದಿದ್ದ ಅಮ್ಮ ಅದನ್ನು ಪೂರ್ತಿ ಉಂಡರು.

ಆ ಪಾರ್ಕಿನಿಂದ ಅನಿಮಲ್ ಕಿಂಗ್‌ಡಮ್ ಲಾಡ್ಜ್‌ಗೆ ಬಸ್ಸಿದೆ. ಹೆಚ್ಚು ದೂರವಿಲ್ಲ. ಲಾಡ್ಜಿನ ಕಿಡಾನಿ ವಿಲೇಜ್ ಭಾಗದಲ್ಲಿ ಸನಾ ಎಂಬ ಹೋಟೆಲ್. ಆಫ್ರಿಕಾ ಮತ್ತು ಭಾರತದ ಅಡುಗೆ ಸೇರಿಸಿ ಮಾಡುತ್ತಾರೆ. ನಾನ್ ಥರದ ರೊಟ್ಟಿಗಳ ಜೊತೆ ಸಾಲಾಗಿ ಚಟ್ನಿ, ರಾಯಿತ, ಉಪ್ಪಿನಕಾಯಿ ಬಟ್ಟಲುಗಳನ್ನು ಇಡುತ್ತಾರೆ. ಕಿಟಕಿಯಾಚೆ ಬಯಲಲ್ಲಿ ಜಿರಾಫೆ, ಜೀಬ್ರಾ ಮೇಯುತ್ತಿರುತ್ತವೆ. ಇದಕ್ಕೆ ಬೇಡಿಕೆ ಜಾಸ್ತಿ. ಎರಡು ಗಂಟೆ ಮುಂಚಿನ ಹುಡುಕಾಟವನ್ನು ಈ ಒಂದು ಜಾಗಕ್ಕಾದರೂ ಬಿಡದೆ ಮಾಡಿ. ನಮಗೆ ಮಧ್ಯಾಹ್ನದ ಕೊನೆಯ ಹೊತ್ತಿನಲ್ಲಿ ನಾಲ್ಕು ಜನರ ಟೇಬಲ್ ಸಿಕ್ಕಿತು. ಉಳಿದ ಮೂವರು ಬೇರೆ ಕಡೆ ಉಂಡು ಬಂದೆವು.

ಹಾಲಿವುಡ್ ಸ್ಟುಡಿಯೋಸ್‌ನಲ್ಲಿ ಟೇಬಲ್ ಸಿಗುವುದು ಕಷ್ಟ. ಅಲ್ಲಿ ಕೌಂಟರ್ ಊಟವೇ ಸರಿ. ಎಬಿಸಿ ಕಮಿಸರಿ ಒಳಗೆ ಏಸಿ ಇದೆ, ಕೂರಲು ಜಾಗವೂ ಚೆನ್ನಾಗಿದೆ.

ಕೌಂಟರ್ ಊಟ ಮತ್ತು ಕೈಬುತ್ತಿ

ಕೌಂಟರ್ ಹೋಟೆಲುಗಳಿಗೆ ಆ್ಯಪ್‌ನಲ್ಲೇ ಆರ್ಡರ್ ಮಾಡಬಹುದು. ಬೆಳಿಗ್ಗೆ ಪಾರ್ಕಿಗೆ ಕಾಲಿಟ್ಟ ತಕ್ಷಣ ಮಧ್ಯಾಹ್ನದ ಆರ್ಡರ್ ಹಾಕಿಬಿಡಿ. ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಆರಿಸಬೇಕು. ತಡ ಮಾಡಿದರೆ ಒಳ್ಳೆ ಹೊತ್ತುಗಳು ಮುಗಿದಿರುತ್ತವೆ. ಅಲ್ಲಿಗೆ ಹೋದ ಮೇಲೆ ಬಂದಿದ್ದೇನೆ ಎಂಬ ಗುಂಡಿ ಒತ್ತಬೇಕು. ಆಮೇಲೆಯೇ ಅಡುಗೆ ತಯಾರಿಸಲು ಶುರು ಮಾಡುವುದು. ಒಬ್ಬರು ತಟ್ಟೆಗಾಗಿ ನಿಲ್ಲಲಿ, ಉಳಿದವರು ಟೇಬಲ್ ನೋಡಲಿ. ಕೌಂಟರಿನಲ್ಲಿ ಕೇಳಿದರೆ ತಣ್ಣನೆ ನೀರು ಲೋಟದಲ್ಲಿ ಸುಮ್ನೆ ಕೊಡುತ್ತಾರೆ. ಬಾಟಲಿ ನೀರಿಗೆ ಡಾಲರ್ ಸುರಿಯಬೇಡಿ.

ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ, ಡಿಸ್ನಿ ವರ್ಲ್ಡ್ ಒಳಗೆ ಮನೆಯ ತಿಂಡಿ ಒಯ್ಯಬಹುದು. ಗಾಜಿನ ಡಬ್ಬಿ, ಮದ್ಯ, ಬಿಸಿ ಮಾಡಬೇಕಾದ ಪದಾರ್ಥ ಬೇಡ. ತಂಗಿ ಬೆಳಿಗ್ಗೆ ಚಪಾತಿ ಮಾಡಿ ಚಟ್ನಿಪುಡಿ, ತುಪ್ಪ ಸವರಿ ಸುರುಳಿ ಸುತ್ತಿ ಕೊಡುತ್ತಿದ್ದಳು. ಬೆಂಗಳೂರಿನಿಂದ ಒಯ್ದ ಕೋಡುಬಳೆ, ನಿಪ್ಪಟ್ಟು ಸಾಲಿನಲ್ಲಿ ನಿಂತ ಮಕ್ಕಳಿಗೆ. ವಿಮಾನದಿಂದ ಇಳಿದಾಗ ಕಸ್ಟಮ್ಸ್‌ನಲ್ಲಿ ತಿಂಡಿ ಇದೆ ಎಂದು ತಪ್ಪದೆ ಹೇಳಿ. ತಾಜಾ ಹಣ್ಣು, ತರಕಾರಿ ಒಯ್ಯಬೇಡಿ.

ಅಮ್ಮನ ಚೀಲದಲ್ಲಿ ಎರಡನೇ ದಿನದಿಂದ ಯಾವಾಗಲೂ ಒಂದು ಡಬ್ಬಿ ಇರುತ್ತಿತ್ತು. ಟೇಬಲ್ ಸಿಗುವುದು ಅರ್ಧ ಗಂಟೆ ತಡವಾದರೂ ಭಯವಿಲ್ಲ. ಹಿರಿಯರು ಜೊತೆಗಿದ್ದರೆ ಆ ಡಬ್ಬಿ ಇಲ್ಲದೆ ರೂಮು ಬಿಡಬೇಡಿ.

ಸಸ್ಯಾಹಾರಿಗಳು ಕೇಳಬೇಕಾದ ಪ್ರಶ್ನೆ

ಅಲ್ಲಿ ವೆಜಿಟೇರಿಯನ್ ಎಂದರೆ ಮೊಟ್ಟೆ ಸೇರುತ್ತದೆ. ಸೂಪಿನಲ್ಲಿ, ಅನ್ನದಲ್ಲಿ ಕೋಳಿಯ ಸಾರು ಇರಬಹುದು. ಏಷ್ಯಾದ ಅಡುಗೆಯಲ್ಲಿ ಮೀನಿನ ಸಾಸ್ ಬೆರೆತಿರಬಹುದು. ಹಾಗಾಗಿ ಮಾಂಸ, ಮೀನು, ಮೊಟ್ಟೆ, ಮಾಂಸದ ಸಾರು ಯಾವುದೂ ಬೇಡ ಎಂದು ಬಿಡಿಸಿ ಹೇಳಿ. ಮೆನುವಿನಲ್ಲಿ ಎಲೆಯ ಗುರುತು ಇದ್ದರೆ ಅದರಲ್ಲಿ ಹಾಲು, ಮೊಟ್ಟೆ, ಜೇನು ಕೂಡ ಇಲ್ಲ ಎಂದರ್ಥ. ನಮಗೆ ಅದೇ ದಾರಿದೀಪವಾಯಿತು. ಟೇಬಲ್ ಸಿಕ್ಕ ಖುಷಿಯಲ್ಲಿ ಕುಳಿತ ಮೇಲೆ ತಿನ್ನಲು ಏನೂ ಇಲ್ಲ ಎಂದು ಏಳುವುದು ಬೇಡ. ಪಟ್ಟಿಗೆ ಹೆಸರು ಕೊಡುವ ಮುಂಚೆಯೇ ಮೆನು ನೋಡಿ.

ಬಿಲ್ಲು

ಮೆನುವಿನ ಬೆಲೆಯೇ ಕೊನೆಯ ಬೆಲೆ ಅಲ್ಲ. ತೆರಿಗೆ ಸುಮಾರು ಶೇ. 6.5 ಸೇರುತ್ತದೆ. ಟೇಬಲ್ಲಿಗೆ ಬಡಿಸಿದವರಿಗೆ ಶೇ. 18ರಿಂದ 20 ಟಿಪ್ಸ್ ಕೊಡುವುದು ವಾಡಿಕೆ. ಬಡಿಸುವವರ ಸಂಪಾದನೆಯಲ್ಲಿ ದೊಡ್ಡ ಪಾಲು ಅದೇ, ಹಾಗಾಗಿ ಕೊಡದೆ ಬರಬಾರದು. ಆರು ಅಥವಾ ಹೆಚ್ಚು ಜನ ಒಂದೇ ಟೇಬಲ್ಲಿನಲ್ಲಿದ್ದರೆ ಶೇ. 18 ಬಿಲ್ಲಿನಲ್ಲೇ ಸೇರಿರುತ್ತದೆ. ನೋಡದೆ ಎರಡು ಸಲ ಕೊಡಬೇಡಿ. ಮಕ್ಕಳ ಬೆಲೆ 3ರಿಂದ 9 ವರ್ಷದವರಿಗೆ. ಹತ್ತು ತುಂಬಿದರೆ ದೊಡ್ಡವರ ಲೆಕ್ಕ.

ರಾತ್ರಿ ಪಾರ್ಕು ಮುಚ್ಚುವ ಹೊತ್ತಿಗೆ ಹಸಿದಿದ್ದರೆ ಡಿಸ್ನಿ ಸ್ಪ್ರಿಂಗ್ಸ್‌ಗೆ ಹೋಗಬಹುದು. ಅಂಗಡಿ, ಹೋಟೆಲುಗಳ ಬೀದಿ ಅದು. ಟಿಕೆಟ್ ಬೇಡ, ಪಾರ್ಕಿಂಗ್ ಉಚಿತ, ಹೋಟೆಲುಗಳು ಬೇಕಾದಷ್ಟು. ಆದರೆ ಇಡೀ ದಿನ ನಡೆದ ಕಾಲುಗಳಿಗೆ ಅಷ್ಟು ಶಕ್ತಿ ಉಳಿದಿರುವುದಿಲ್ಲ. ನಾವು ರೂಮಿನ ಫ್ರಿಜ್ಜಿನಲ್ಲಿ ಮೊಸರು ಇಟ್ಟಿದ್ದೆವು. ತಂಗಿ ಕಾರಿನಲ್ಲಿ ತಂದಿದ್ದ ಚಿಕ್ಕ ಕುಕ್ಕರಿನಲ್ಲಿ ಹತ್ತೂವರೆಗೆ ಅನ್ನ ಮಾಡಿದಳು. ಅಮ್ಮ ಉಪ್ಪಿನಕಾಯಿ ಬಾಟಲಿ ತೆಗೆದರು. ಮಕ್ಕಳು ಮಿಕ್ಕಿಯ ಕಿವಿ ತಲೆಯ ಮೇಲೆ ಇಟ್ಟುಕೊಂಡೇ ಮೊಸರನ್ನ ಉಂಡು ಮಲಗಿದರು.